ಪದ್ಮ ಬರೆದುಕೊಡುತ್ತಿದ್ದ ಚೌಕಾಬಾರ

ಆ ವರ್ಷಗಳಲ್ಲಿ ಅಮೆರಿಕದ ಮಿಶಿಗನ್ನಿನ ಕ್ಯಾಂಟನ್ ಸುತ್ತಮುತ್ತಲಿನ ಕನ್ನಡದವರ ಮನೆಗೆ ಹೋದರೆ ಫ್ರಿಜ್ಜಿನ ಬಾಗಿಲಿನ ಮೇಲೆ ಒಂದು ಚೀಟಿ ಕಾಣುತ್ತಿತ್ತು. ಅಡ್ಡಕ್ಕೆ ಐದು, ಉದ್ದಕ್ಕೆ ಐದು ಮನೆಗಳ ಚೌಕಾಬಾರ. ಹೊರಸುತ್ತಿನ ಕೆಲವು ಮನೆಗಳಿಗೆ ಪೆನ್ನಿನ ಗೀಟು ಬಿದ್ದಿರುತ್ತಿತ್ತು, ಉಳಿದವು ಖಾಲಿ. ಊರಿಂದ ಬಂದ ನೆಂಟರು ಮಕ್ಕಳ ಆಟವೆಂದುಕೊಳ್ಳುತ್ತಿದ್ದರು. ಅದು ಮೊಬೈಲ್ ಕಂಪನಿಯ ಎರಡು ವರ್ಷದ ಕಾಂಟ್ರ್ಯಾಕ್ಟು. ಬರೆದುಕೊಟ್ಟವರು ಪದ್ಮ.

ಫೋರ್ಡ್ ರಸ್ತೆಯಲ್ಲಿ, ಲಾಂಡ್ರಿಗೂ ಪಿಟ್ಜಾ ಅಂಗಡಿಗೂ ನಡುವೆ ಇದ್ದ ಕಿರಿದಾದ ಫೋನ್ ಅಂಗಡಿಯಲ್ಲಿ ಅವರು ಕೆಲಸಕ್ಕಿದ್ದರು. ಮದುವೆಗೆ ಮುಂಚೆ ಮೈಸೂರಿನ ಒಂಟಿಕೊಪ್ಪಲಿನಲ್ಲಿ ಆರು ವರ್ಷ ಮಿಡ್ಲ್ ಸ್ಕೂಲ್ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವರು. ಮಿಶಿಗನ್ನಿಗೆ ಬಂದ ಮೇಲೆ ಆ ಸೀಮೆಸುಣ್ಣ ಕೈಬಿಟ್ಟುಹೋಯಿತು. ಮಗ ಜೈ ಕಾಲೇಜಿಗೆಂದು ಬೇರೆ ಊರಿಗೆ ಹೋದ ವರ್ಷ, ಐವತ್ತನೆಯ ವಯಸ್ಸಿನಲ್ಲಿ, ಬಾಗಿಲಿಗೆ ಅಂಟಿಸಿದ್ದ ‘ಕೆಲಸಕ್ಕೆ ಬೇಕಾಗಿದ್ದಾರೆ’ ಎಂಬ ಕಾಗದ ನೋಡಿ ಒಳಗೆ ಹೋದರು. ವಾರಕ್ಕೆ ಇಪ್ಪತ್ತೈದು ಗಂಟೆಯ ಕೆಲಸ.

ಗಂಡ ಸತ್ಯನಾರಾಯಣ ಡಿಯರ್‌ಬಾರ್ನ್‌ನಲ್ಲಿ ಕಾರಿನ ಸೀಟುಗಳ ಇಂಜಿನಿಯರ್. ಒಳ್ಳೆಯ ಮನುಷ್ಯ, ಹೆಂಡತಿಯ ಈ ಒಂದು ವಿಷಯದಲ್ಲಿ ಮಾತ್ರ ಸ್ವಲ್ಪ ಕುಗ್ಗುತ್ತಿದ್ದರು. ಯುಗಾದಿ ಊಟದಲ್ಲೋ ಗೃಹಪ್ರವೇಶದಲ್ಲೋ ಯಾರಾದರೂ, “ನಿಮ್ಮ ಮಿಸೆಸ್ಸು ಏನ್ಮಾಡ್ತಾರೆ?” ಎಂದರೆ, “ಟೆಲಿಕಾಂನಲ್ಲಿದಾಳೆ” ಎಂದು ಪಾಯಸದ ಕಡೆಗೆ ತಿರುಗುತ್ತಿದ್ದರು. ಬಿಡದೆ ಕೇಳಿದವರಿಗೆ, “ಮನೇಲಿ ಬೋರಾಗುತ್ತೆ ಅಂತ ಹೋಗ್ತಾಳೆ, ಅಷ್ಟೆ” ಎನ್ನುತ್ತಿದ್ದರು. ಆ ಮಾತು ಅಡುಗೆಮನೆಗೆ ಕೇಳಿಸುತ್ತಿತ್ತು. ಪದ್ಮ ಸೌಟು ಕೆಳಗಿಡದೆ ಬಡಿಸುತ್ತಿದ್ದರು.

ಅಂಗಡಿಯಲ್ಲಿ ಅವರಿಗೊಂದು ಪದ್ಧತಿಯಿತ್ತು. ಕಾಂಟ್ರ್ಯಾಕ್ಟಿನ ಹಿಂದಿನ ಸಣ್ಣ ಅಕ್ಷರದ ಎರಡು ಪುಟವನ್ನು ಗಿರಾಕಿಗೆ ಪೂರ್ತಿ ಓದಿ ಹೇಳದೆ ಸಹಿ ಹಾಕಿಸುತ್ತಿರಲಿಲ್ಲ. ಇಂಗ್ಲಿಷಿನವರಿಗೆ ಇಂಗ್ಲಿಷಿನಲ್ಲಿ, ನಮ್ಮವರಿಗೆ ಕನ್ನಡದಲ್ಲಿ, ಹನ್ನೆರಡು ನಿಮಿಷ. ಅದೂ ಅರ್ಥವಾಗದವರಿಗೆ ಚೌಕಾಬಾರ.

2008ರ ಅಕ್ಟೋಬರಿನ ಒಂದು ಶನಿವಾರ ಹಲ್ಲಿನ ಡಾಕ್ಟರ್ ಅಶ್ವಥ್ ತಮ್ಮ ಹದಿನೈದರ ಮಗಳು ಇಶಾಳ ಜೊತೆ ಬಂದರು. ಅವಳು ಕಿಟಕಿಯ ಮೇಲಿದ್ದ ದೊಡ್ಡ ಹಳದಿ ಪೋಸ್ಟರಿಗೆ ಬೆರಳಿಟ್ಟೇ ಒಳಗೆ ಬಂದಳು.

“ಆಂಟಿ, ಇಟ್ ಸೇಸ್ ಫ್ರೀ. ಲೈಕ್, ಝೀರೋ ಡಾಲರ್ಸ್!”

“ಬಾ ಪುಟ್ಟಿ, ಕೂತ್ಕೋ. ಚೌಕಾಬಾರ ಆಡಿದೀಯಾ?”

“ಈಸ್ ದಟ್ ಆ್ಯನ್ ಆ್ಯಪ್?”

ಅಶ್ವಥ್ ಹಣೆ ಚಚ್ಚಿಕೊಂಡರು. ಪದ್ಮ ಒಂದು ಹಾಳೆ ತೆಗೆದು ಗೆರೆ ಎಳೆದರು. ಮೊದಲ ಮನೆಗೆ ಗುಣಿಸು ಗುರುತು ಹಾಕಿದರು.

“ಈ ಫೋನನ್ನ ಕಂಪನಿ ಕೊಂಡುಕೊಳ್ಳೋದೇ ನಾನೂರು ಡಾಲರಿಗೆ. ನಿಂಗೆ ಝೀರೋಗೆ ಕೊಡ್ತಾರೆ. ಹಾಗಾದ್ರೆ ನಾನೂರು ಎಲ್ಲಿ ಹೋಯ್ತು?”

“ದೆ ಆರ್... ನೈಸ್?”

“ನಿಮ್ಮಪ್ಪನ ಬಿಲ್ಲಲ್ಲಿ ಕೂತಿರುತ್ತೆ. ತಿಂಗಳಿಗೆ ಹದಿನಾರೋ ಹದಿನೇಳೋ ಡಾಲರ್ ಅಂತ ಅವರಿಗೆ ವಾಪಸ್ ಹೋಗುತ್ತೆ. ಅದಕ್ಕೇ ಎರಡು ವರ್ಷ ಬಿಟ್ಟು ಹೋಗಬಾರದು ಅಂತ ಕಟ್ಟಿಹಾಕ್ತಾರೆ. ನೋಡು, ಇದು ಮೊದಲ ಮನೆ, ಕಟ್ಟೆ. ಇಲ್ಲಿ ಯಾರೂ ನಿನ್ನ ಕಾಯಿ ಹೊಡೆಯೋ ಹಾಗಿಲ್ಲ. ಮೂವತ್ತು ದಿನದೊಳಗೆ ಇಷ್ಟ ಆಗ್ಲಿಲ್ವಾ, ತಂದು ಕೊಟ್ಬಿಡು. ಆಮೇಲೆ ಹೊರಸುತ್ತು ಹದಿನಾರು ಮನೆ, ಒಳಸುತ್ತು ಎಂಟು. ಒಟ್ಟು?”

“ಟ್ವೆಂಟಿ ಫೋರ್.”

“ಇಪ್ಪತ್ತನಾಲ್ಕು ತಿಂಗಳು. ನಡುವಿನ ಮನೆಗೆ ಬಂದ್ರೆ ಕಾಯಿ ಹಣ್ಣು. ಫೋನ್ ನಿಂದು, ನೀನು ಸ್ವತಂತ್ರ. ಮಧ್ಯದಲ್ಲಿ ಎದ್ದು ಹೋದ್ರೆ ಒಂದು ಲೈನಿಗೆ, ಅಂದ್ರೆ ಒಂದು ನಂಬರಿಗೆ, ಇನ್ನೂರರ ಹತ್ತಿರ ದಂಡ. ಈಗ ಹೇಳಿ ಅಶ್ವಥ್, ನೀವಿರೋ ಕಂಪನೀಲಿ ಎಷ್ಟನೇ ಮನೆ?”

ಅಶ್ವಥ್ ಬೆರಳು ಮಡಿಚಿದರು. “ಇಪ್ಪತ್ತು... ಹೌದು, ಇಪ್ಪತ್ತೇ.”

“ಹಾಗಾದ್ರೆ ಫೆಬ್ರವರಿಗೆ ಬನ್ನಿ.”

“ಅಯ್ಯೋ, ಅಂಗಡಿಗೆ ಬಂದವರನ್ನ ವಾಪಸ್ ಕಳಿಸ್ತೀರಲ್ಲ ಪದ್ಮ ಅವರೇ!”

“ನಿಮ್ಮ ಕಂಪನಿಯವರೂ ಇನ್ನೇನು ಫೋನ್ ಮಾಡ್ತಾರೆ ನೋಡ್ತಾ ಇರಿ. ‘ನೀವು ಒಳ್ಳೇ ಕಸ್ಟಮರ್, ಈಗ್ಲೇ ಹೊಸ ಫೋನಿಗೆ ಅಪ್‌ಗ್ರೇಡ್ ಮಾಡಿ’ ಅಂತಾರೆ. ಹೂಂ ಅಂದ್ರೋ, ಹಣ್ಣಾಗೋಕೆ ನಾಲ್ಕು ಮನೆ ಇರುವಾಗ ಎತ್ತಿ ಮತ್ತೆ ಮೊದಲ ಮನೇಲಿ ಕೂರಿಸ್ತಾರೆ. ಇಡೀ ಆಟ ಇರೋದೇ ಅಲ್ಲಿ. ಮುಗಿಸ್ಕೊಂಡು ಬನ್ನಿ.” ಎಲ್ಲರನ್ನೂ ಕೊನೆಗೆ ಕೇಳುತ್ತಿದ್ದ ಮಾತನ್ನು ಅವರನ್ನೂ ಕೇಳಿದರು: “ಅಂದ ಹಾಗೆ, ಇನ್ನೆರಡು ವರ್ಷ ಇಲ್ಲೇ ಇರ್ತೀರಾ?”

“ನಾನಾ? ಜನರ ಹಲ್ಲು ಉದುರೋ ತನಕ” ಎಂದು ಅಶ್ವಥ್ ನಕ್ಕರು.

ಅಲ್ಲಿಯವರೆಗೆ ಆ ಪ್ರಶ್ನೆಗೆ ಎಲ್ಲರೂ ಹೀಗೆಯೇ ನಗುತ್ತಿದ್ದರು. ನವೆಂಬರಿನಲ್ಲಿ ಕಾರು ಕಂಪನಿಗಳು ಸಾಲು ಸಾಲಾಗಿ ಜನರನ್ನು ಕೆಲಸದಿಂದ ತೆಗೆಯತೊಡಗಿದವು, ಆಮೇಲೆ ಯಾರೂ ನಗಲಿಲ್ಲ.

ಒಂದು ಮಂಗಳವಾರ ಬೆಳಗಿನ ಹನ್ನೊಂದಕ್ಕೆ ಸತ್ಯನಾರಾಯಣರ ಕಾರು ಗರಾಜಿನೊಳಗೆ ಬಂದಿತು. ಕೈಯಲ್ಲಿ ಒಂದು ರಟ್ಟಿನ ಪೆಟ್ಟಿಗೆ. ಅದರಲ್ಲಿ ಒಂದು ಮಗ್ಗು, ಜೈ ಎರಡನೆಯ ಕ್ಲಾಸಿನಲ್ಲಿ ಬರೆದ ಚಿತ್ರ, ಒಂದು ಸ್ವೆಟರು. ಸೋಫಾದ ಮೇಲೆ ಕೂತು, ಅಭ್ಯಾಸದಂತೆ ಜೇಬು ತಟ್ಟಿಕೊಂಡರು. ಫೋನ್ ಇರಲಿಲ್ಲ. ಬ್ಯಾಡ್ಜು, ಲ್ಯಾಪ್‌ಟಾಪುಗಳ ಜೊತೆ ಅದನ್ನೂ ಮೇಜಿನ ಮೇಲಿಟ್ಟು ಬಂದಿದ್ದರು.

“ಹನ್ನೊಂದು ವರ್ಷ ಒಂದೇ ನಂಬರು ಕಣೇ. ಅಮೆರಿಕದಲ್ಲಿ ಎಲ್ಲರಿಗೂ ಅದೇ ಕೊಟ್ಟಿದೀನಿ. ಅದೂ ಅವರದ್ದೇ ಅಂತೆ.”

“ರೀ, ಅಂಗಡಿಗೆ ಬನ್ನಿ. ಒಂದು ಫೋನ್ ಮಾಡಿಕೊಡ್ತೀನಿ.”

“ನಿನ್ನ ಅಂಗಡಿಗೆ ನಾನು ಗಿರಾಕಿಯಾಗಿ ಬರಬೇಕಾ?” ಕೇಳಿದ ಮೇಲೆ ಅವರಿಗೇ ಬೇಸರವಾಗಿರಬೇಕು. “ಬೇಡ ಬಿಡು. ಮನೆ ಫೋನ್ ಇದೆಯಲ್ಲ” ಎಂದರು.

ಫೋನಿಗಿಂತ ದೊಡ್ಡ ಚಿಂತೆ ಬೇರೆಯಿತ್ತು. ಎರಡು ವರ್ಷದ ಹಿಂದೆ ಸತ್ಯನಾರಾಯಣರ ಎದೆಗೆ ಎರಡು ಸ್ಟೆಂಟ್ ಹಾಕಿದ್ದರು. ಕಂಪನಿಯ ಹೆಲ್ತ್ ಇನ್ಶೂರೆನ್ಸ್ ಮಾರ್ಚ್ ಮೂವತ್ತೊಂದರವರೆಗೆ ಮಾತ್ರ. ಹೃದಯ ರಿಪೇರಿಯಾದ ಐವತ್ತೇಳರ ಮನುಷ್ಯನಿಗೆ ಹೊಸದಾಗಿ ಇನ್ಶೂರೆನ್ಸ್ ಕೊಡುವವರು ಆಗ ಯಾರೂ ಇರಲಿಲ್ಲ.

ಅದೇ ವಾರ ಅಂಗಡಿಯ ಮಾಲೀಕ ಉಪೇಂದ್ರ ಬಂದರು. ದಾವಣಗೆರೆ ಕಡೆಯವರು. ಮೊಬೈಲ್ ಕಂಪನಿಯ ಪರವಾಗಿ ಫೋನ್ ಮಾರುವ ಎರಡು ಅಂಗಡಿ ಇಟ್ಟಿದ್ದರು. ಒಂದು ಕ್ಯಾಂಟನ್‌ನದು, ಇನ್ನೊಂದು ಫಾರ್ಮಿಂಗ್ಟನ್‌ನದು. ಅಲ್ಲಿ ಪ್ರಕಾಶ್ ಎಂಬ ಚುರುಕಾದ ಹುಡುಗ ಇದ್ದ.

“ಪದ್ಮಮ್ಮ, ಎರಡೂ ನಡೆಸೋಕಾಗಲ್ಲ ಈ ಕಾಲದಲ್ಲಿ. ಮಾರ್ಚ್ ಕೊನೆಗೆ ಒಂದು ಮುಚ್ತೀನಿ. ಉಳಿಯೋ ಅಂಗಡಿಗೆ ಒಬ್ಬ ಫುಲ್ ಟೈಮ್ ಮ್ಯಾನೇಜರ್. ಫ್ಯಾಮಿಲಿ ಇನ್ಶೂರೆನ್ಸ್ ಕೊಡ್ತೀನಿ. ಮಾರ್ಚ್ ಮಧ್ಯದೊಳಗೆ, ಗಿರಾಕಿ ಬಿಟ್ಟುಹೋಗಿದ್ದು ಕಳೆದು, ಯಾರು ಹೆಚ್ಚು ಕಾಂಟ್ರ್ಯಾಕ್ಟ್ ಮಾಡಿರ್ತೀರೋ ಅವರ ಅಂಗಡಿ ಉಳಿಯುತ್ತೆ. ಹಬ್ಬದ ಸೀಸನ್ನು, ಜಾಡಿಸಿ.”

ಪದ್ಮ ಮನೆಯಲ್ಲಿ ಇದನ್ನು ಹೇಳಲಿಲ್ಲ. ಗೆಲ್ಲುವ ಮುಂಚೆ ಹೇಳಿದರೆ ಸತ್ಯನಾರಾಯಣರ ಎದೆಯ ಮೇಲೆ ಇನ್ನೊಂದು ತೂಕ ಇಟ್ಟ ಹಾಗೆ ಎಂದುಕೊಂಡರು.

ಗೆಲ್ಲುವುದು ಕಷ್ಟವೇನೂ ಇರಲಿಲ್ಲ. ಕನ್ನಡದವರೆಲ್ಲ ಅವರ ಮಾತಿಗೆ ತಲೆದೂಗುತ್ತಿದ್ದರು. ದೇವಸ್ಥಾನದ ಊಟದ ಹಾಲಿನಲ್ಲಿ ನಿಂತು ‘ಬನ್ನಿ’ ಎಂದಿದ್ದರೆ ಐವತ್ತು ಮನೆಯವರು ಬರುತ್ತಿದ್ದರು. ಆದರೆ ಆ ಐವತ್ತರಲ್ಲಿ ಅರ್ಧದಷ್ಟು ಜನ ಡಿಯರ್‌ಬಾರ್ನ್‌ನ ಇಂಜಿನಿಯರುಗಳು. ಅವರಲ್ಲಿ ಅರ್ಧ ಜನ ವೀಸಾದ ಮೇಲಿದ್ದವರು, ಕೆಲಸ ಹೋದರೆ ಕೆಲವೇ ವಾರದಲ್ಲಿ ದೇಶ ಬಿಡಬೇಕಾದವರು. ಅಂಥವರನ್ನು ಇಪ್ಪತ್ತನಾಲ್ಕು ಮನೆಯ ಆಟಕ್ಕೆ ಕೂರಿಸುವ ಮುಂಚೆ ಪದ್ಮ ಆ ಪ್ರಶ್ನೆಯನ್ನು ಕೇಳಲೇಬೇಕಿತ್ತು. ಈಗ ಅದು ಎದೆಗೆ ಕೈಯಿಟ್ಟ ಹಾಗೆ ತಾಗುತ್ತಿತ್ತು. ಪಕ್ಕದ ವೇನ್ ಊರಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಾರಿನ ಬಾಗಿಲು ಜೋಡಿಸಿದ ಒಬ್ಬ ಅಮೆರಿಕನ್ ಮುದುಕ ಪ್ರಶ್ನೆ ಕೇಳಿ, ಪೆನ್ನು ಕೆಳಗಿಟ್ಟು, ತನ್ನ ಅಂಗೈಯನ್ನೇ ನೋಡಿಕೊಂಡ. “ಏಪ್ರಿಲ್‌ನಲ್ಲಿ ಕೇಳಮ್ಮ” ಎಂದು ಹಳೆಯ ಫೋನನ್ನು ರಬ್ಬರ್ ಬ್ಯಾಂಡ್ ಸುತ್ತಿ ಜೇಬಿಗಿಟ್ಟುಕೊಂಡು ಹೋದ.

ಡಿಸೆಂಬರಿನಲ್ಲಿ ನಿಂಗಪ್ಪ ಬಂದ. ಧಾರವಾಡದವನು. ಡಿಯರ್‌ಬಾರ್ನ್‌ನಲ್ಲಿ ಕಾಂಟ್ರ್ಯಾಕ್ಟ್ ಮೇಲೆ ಸಾಫ್ಟ್‌ವೇರ್ ಬರೆಯುತ್ತಿದ್ದ. ಮದುವೆಯಾಗಿ ಎಂಟು ವಾರವಾಗಿದ್ದ ಹೆಂಡತಿ ಪಕ್ಕದಲ್ಲಿ ನಿಂತಿದ್ದಳು, ಹೊಸ ಕೋಟಿನೊಳಗೆ ಕೈ ಅಡಗಿಸಿಕೊಂಡು.

“ಎರಡು ಫೋನ್ ಕೊಡ್ರಿ ಆಂಟಿ. ಇದ, ಮುಟ್ಟಿದ್ರ ಓಡೂದು. ದೊಡ್ಡದಽ ಇರ್ಲಿ.”

“ಸಣ್ಣದು ಸಾಕ್ರಿ ನನಗ” ಎಂದಳು ಅವಳು, ಕಣ್ಣು ಮಾತ್ರ ದೊಡ್ಡದರ ಮೇಲೇ ಇತ್ತು.

“ನೀ ಸುಮ್ನಿರು. ಇಷ್ಟು ದೂರ ಬಂದೀದಿ, ಸಣ್ಣದು ಅಂತ ಸಣ್ಣದು.”

ಪದ್ಮ ಓದಿ ಹೇಳಿದರು. ಚೌಕ ಬರೆದರು. ಆಮೇಲೆ ಕೇಳಿದರು: “ನಿಂಗಪ್ಪ, ಇನ್ನೆರಡು ವರ್ಷ ಇಲ್ಲೇ ಇರ್ತೀರಾ?”

ಅವನ ಮುಖ ಬದಲಾಯಿತು. “ಹಂಗ್ಯಾಕ ಕೇಳ್ತೀರಿ? ನಮ್ಮ ಮ್ಯಾನೇಜರ್ ಏನರ ಅಂದಾನೇನ್ರಿ?”

“ಯಾರೂ ಏನೂ ಅಂದಿಲ್ಲಪ್ಪ. ಎಲ್ಲರನ್ನೂ ಕೇಳ್ತೀನಿ. ಸಂದೇಹ ಇದ್ರೆ ತಿಂಗಳು ತಿಂಗಳಿಗೆ ದುಡ್ಡು ಕಟ್ಟೋ ಸಾದಾ ಫೋನ್ ಇದೆ. ನಲವತ್ತು ಡಾಲರು. ಚೆನ್ನಾಗಿ ಕಾಣಲ್ಲ, ಆದ್ರೆ ಯಾವಾಗ ಬೇಕಾದ್ರೂ ಬಿಡಬಹುದು.”

“ಆಂಟಿ, ನಾ ಫೋನ್ ಕೊಡ್ರಿ ಅಂತ ಬಂದೀನಿ. ಹಣೀಬರಹ ಓದ್ರಿ ಅಂತ ಬಂದಿಲ್ಲ.” ಹೆಂಡತಿಯ ತೋಳು ಹಿಡಿದು ಹೊರಟ. ಅದೇ ಸಂಜೆ ಫಾರ್ಮಿಂಗ್ಟನ್‌ಗೆ ಹೋಗಿ ಪ್ರಕಾಶನ ಹತ್ತಿರ ಎರಡು ದೊಡ್ಡ ಫೋನ್ ತೆಗೆದುಕೊಂಡ. ಪ್ರಕಾಶ್ ನಾಲ್ಕು ನಿಮಿಷದಲ್ಲಿ ಸಹಿ ಹಾಕಿಸಿ ಕೈಕುಲುಕಿ ಕಳಿಸಿದ.

ಸುದ್ದಿ ಉಪೇಂದ್ರರಿಗೂ ಮುಟ್ಟಿತು. “ಏನ್ ಪದ್ಮಮ್ಮ, ನಮ್ಮದು ಫೋನ್ ಅಂಗಡಿನಾ, ಜ್ಯೋತಿಷ್ಯಾಲಯನಾ? ಒಂದು ಗಿಣೀನೂ ತಂದಿಡ್ಲಾ?”

“ಕೇಳದೆ ಇರೋಕಾಗಲ್ಲ ಉಪೇಂದ್ರ ಅವರೇ.”

“ಪ್ರಕಾಶ ನೂರು ದಾಟಿದಾನೆ. ನೀವು ಐವತ್ತೆಂಟು.”

ಐವತ್ತೆಂಟು. ಆ ಸಂಜೆ ಅವರು ಕಾರಿನಲ್ಲಿ ಕೂತು, ಎಂಜಿನ್ ಬಿಸಿಯಾಗುವವರೆಗೆ, ಗಾಜಿನ ಮೇಲೆ ಬೀಳುತ್ತಿದ್ದ ಹಿಮ ನೋಡಿದರು. ನಾಳೆಯಿಂದ ಸುಮ್ಮನಿದ್ದುಬಿಟ್ಟರೆ ಏನಾಗುತ್ತದೆ? ಪ್ರಶ್ನೆಯೊಂದನ್ನು ನುಂಗಿದರೆ ಸಾಕು. ಯಾವ ಕಾನೂನೂ ಕೇಳಬೇಕೆಂದು ಹೇಳಿಲ್ಲ. ಮನೆಯಲ್ಲಿ ಒಬ್ಬರು ಬೆಳಿಗ್ಗೆ ಐದು ಮಾತ್ರೆ ನುಂಗುತ್ತಾರೆ, ಆ ಡಬ್ಬಿಗಳು ಏಪ್ರಿಲ್‌ನಲ್ಲೂ ತುಂಬಬೇಕು.

ಮರುದಿನ ಮೊದಲ ಗಿರಾಕಿ ಬಂದಳು. ಬಾಯಿ ತಾನಾಗಿಯೇ ಕೇಳಿತು. ಲೆಕ್ಕದ ಟೀಚರಿಗೆ ಉತ್ತರವಿಲ್ಲದ ಲೆಕ್ಕವನ್ನು ಬೋರ್ಡಿನ ಮೇಲೆ ಬಿಟ್ಟು ಹೋಗಲು ಬರುವುದಿಲ್ಲ.

ಆ ಪ್ರಶ್ನೆಗೆ ಅವರ ಸ್ವಂತ ಮನೆಯ ಉತ್ತರ ಮಾತ್ರ ಅವರಿಗೇ ಗೊತ್ತಿರಲಿಲ್ಲ. ಶಿಕಾಗೋ ಪಕ್ಕದ ಅರೋರಾದಲ್ಲಿದ್ದ ಮೈದುನ ಮಾಧವ ವಾರಕ್ಕೆರಡು ಸಲ ಫೋನ್ ಮಾಡುತ್ತಿದ್ದ. “ಇಲ್ಲಿಗೇ ಬಂದ್ಬಿಡಣ್ಣ. ಇಲ್ಲಿ ಒಂದಲ್ಲ ಒಂದು ಸಿಗುತ್ತೆ.” ಜನವರಿಯಲ್ಲಿ ಸತ್ಯನಾರಾಯಣ ಇನ್ನೂರ ಎಪ್ಪತ್ತು ಮೈಲಿ ಡ್ರೈವ್ ಮಾಡಿ ಒಂದು ಇಂಟರ್‌ವ್ಯೂಗೆ ಹೋಗಿಬಂದರು. ಸಂಪರ್ಕಕ್ಕೆ ಮನೆಯ ನಂಬರು ಕೊಟ್ಟಿದ್ದರು. ಅಲ್ಲಿಂದ ಕರೆ ಬಂದಾಗ ಅವರು ಹೊರಗೆ ಹಿಮ ಎತ್ತುತ್ತಿದ್ದರು, ಎರಡನೆಯ ಸಲ ಬಂದಾಗ ಕಾಸ್ಟ್‌ಕೋ ಅಂಗಡಿಯಲ್ಲಿ ಅಕ್ಕಿ ಮೂಟೆ ಹೊರುತ್ತಿದ್ದರು. ಮೂರನೆಯ ಸಲ ಸಿಕ್ಕಿತು: ಆರು ತಿಂಗಳ ಕೆಲಸ, ಇನ್ಶೂರೆನ್ಸ್ ಇಲ್ಲ, ಮಾರ್ಚ್ ಕೊನೆಯೊಳಗೆ ತಿಳಿಸಿ ಎಂದರು. ಹೌದೆನ್ನಲೂ ಆಗದೆ ಇಲ್ಲವೆನ್ನಲೂ ಆಗದೆ, ಅದನ್ನು ಬರೆದುಕೊಂಡ ಚೀಟಿ ಫೋನಿನ ಪಕ್ಕದಲ್ಲೇ ಉಳಿಯಿತು.

ಈ ನಡುವೆ ಪದ್ಮ ಇನ್ನೊಂದು ಕೆಲಸಕ್ಕೆ ಕೈಹಾಕಿದ್ದರು. ಕಾಂಟ್ರ್ಯಾಕ್ಟಿನ ಎರಡನೆಯ ಪುಟದಲ್ಲಿ, ಯಾರೂ ಓದದ ಒಂದು ಸಾಲಿತ್ತು. ಲೈನನ್ನು ಅರ್ಧದಲ್ಲಿ ಇನ್ನೊಬ್ಬರ ಹೆಸರಿಗೆ ಮಾಡಬಹುದು. ಅವರು ಉಳಿದ ತಿಂಗಳನ್ನು ಮುಗಿಸಲು ಒಪ್ಪಿದರೆ ಹೋಗುವವರಿಗೆ ದಂಡವಿಲ್ಲ. ದಿನವೂ ಅದನ್ನು ಓದಿ ಹೇಳುತ್ತಿದ್ದವರಿಗೆ ಅದರ ಉಪಯೋಗ ಹೊಳೆದದ್ದು ಆ ಚಳಿಗಾಲದಲ್ಲೇ. ಭಾನುವಾರ ದೇವಸ್ಥಾನದಲ್ಲಿ ಊಟದ ಸಾಲಿನಲ್ಲಿ ನಿಂತು ಕೇಳಿ ತಿಳಿದುಕೊಳ್ಳುತ್ತಿದ್ದರು: ಊರಿಗೆ ಹೊರಟವರು ಯಾರು, ಅವರ ಕಾಯಿ ಎಷ್ಟನೆಯ ಮನೆಯಲ್ಲಿದೆ, ಇಲ್ಲೇ ಗಟ್ಟಿಯಾಗಿ ನೆಲೆನಿಂತವರು ಯಾರು, ಯಾರಿಗೆ ಫೋನ್ ಬೇಕಾಗಿದೆ. ಎದ್ದು ಹೋಗುವವರ ಕಾಯಿಯನ್ನು ಕೂರುವವರ ಕೈಗೆ ಕೊಡುತ್ತಿದ್ದರು. ಯಾವ ಅಂಗಡಿಯಲ್ಲಿ ಕೊಂಡದ್ದೆಂದು ಕೇಳುತ್ತಿರಲಿಲ್ಲ.

ಫೆಬ್ರವರಿಯ ಒಂದು ಮಧ್ಯಾಹ್ನ ನಿಂಗಪ್ಪ ಬಾಗಿಲಲ್ಲಿ ನಿಂತ. ಒಬ್ಬನೇ. ಬೂಟಿನ ಹಿಮ ಜಾಡಿಸುತ್ತಲೇ ಇದ್ದ, ಒಳಗೆ ಕಾಲಿಡಲಿಲ್ಲ.

“ಬಾಪ್ಪ, ಬಾಗಿಲು ಹಾಕು. ಚಳಿ.”

“ಹಣೀಬರಹ ಓದಿಸ್ಕೊಳ್ಳಾಕ ಬಂದೀನ್ರಿ ಆಂಟಿ” ಎಂದ. ನಗಲು ನೋಡಿದ, ಆಗಲಿಲ್ಲ. ಶುಕ್ರವಾರ ಅವನ ಪ್ರಾಜೆಕ್ಟ್ ಮುಚ್ಚಿತ್ತು. ಮೂರು ವಾರದಲ್ಲಿ ಹೊರಡಬೇಕು. “ಹಳೇ ರೂಮ್‌ಮೇಟು ಅಂತಾನ, ಸುಮ್ನ ಬಿಟ್ಟು ಹೋಗು, ಇಂಡಿಯಾಕ್ಕ ಬಂದು ಯಾರು ಕೇಳ್ತಾರ ಅಂತ. ನನಗ ಮನಸ್ಸು ಒಪ್ಪವಲ್ದು. ಮುಂದ ಎಂದರ ತಿರುಗಿ ಬರೂದದ. ನಾನೂರು ಡಾಲರ್ ಕಟ್ಟಾಕ ಈಗ ಕೈಯಾಗ ಇಲ್ಲ.”

ಕಂಪನಿ ಅಂಗಡಿಗೆ ಕೊಡುವ ಕಮಿಷನ್ ಆರು ತಿಂಗಳವರೆಗೆ ಗಾಳಿಯಲ್ಲಿರುತ್ತದೆ. ಅಷ್ಟರೊಳಗೆ ಗಿರಾಕಿ ಬಿಟ್ಟರೆ ಕಂಪನಿ ಅದನ್ನು ವಾಪಸ್ ಕಿತ್ತುಕೊಳ್ಳುತ್ತದೆ. ನಿಂಗಪ್ಪ ಬಿಟ್ಟರೆ ಪ್ರಕಾಶನ ಎರಡು ಲೈನ್ ಬೀಳುತ್ತವೆ. ಏನೂ ಮಾಡದೆ ‘ಅಯ್ಯೋ ಪಾಪ’ ಎಂದರೂ ಸಾಕಿತ್ತು.

ಪದ್ಮ ಫೋನ್ ಎತ್ತಿ ಅಶ್ವಥ್‌ಗೆ ಕರೆ ಮಾಡಿದರು. “ಹಣ್ಣಾಯ್ತಾ ನಿಮ್ಮ ಕಾಯಿ? ಇಶಾನ ಕರ್ಕೊಂಡು ಬನ್ನಿ.”

ಅಶ್ವಥ್ ತಮ್ಮ ಎರಡು ಲೈನ್ ಹೊಸದಾಗಿ ಮಾಡಿಸಲು ಬರಬೇಕಾದವರು. ಅವು ಪದ್ಮರ ಲೆಕ್ಕಕ್ಕೆ ಬರುತ್ತಿದ್ದ ಎರಡು. ಅದರ ಬದಲು ನಿಂಗಪ್ಪನ ಎರಡನ್ನು ಅವರ ಹೆಸರಿಗೆ ಬರೆದರು. ಉಳಿದದ್ದು ಇಪ್ಪತ್ತೆರಡು ಮನೆ.

“ಯೂಸ್ಡ್ ಫೋನ್?” ಇಶಾ ಮೂಗು ಮುರಿದಳು. “ಆ್ಯಂಡ್ ಅ ನ್ಯೂ ನಂಬರ್? ಆಂಟಿ, ಐ ಹ್ಯಾವ್ ಟು ಟೆಕ್ಸ್ಟ್, ಲೈಕ್, ಎವ್ರಿಬಡಿ!” ಫೋನ್ ಕೈಗೆ ಬಂದು, ಬೆರಳು ತಾಗಿ, ಪರದೆ ಜಾರಿತು. ಮೂಗು ನೆಟ್ಟಗಾಯಿತು. “ವೇಟ್. ದಿಸ್ ಈಸ್ ದ ಗುಡ್ ವನ್!” ಅಷ್ಟರಲ್ಲಿ ಅದು ಮೊಳಗಿತು. ನಿಂಗಪ್ಪನ ಹೆಂಡತಿ ಹಾಕಿಟ್ಟಿದ್ದ ಶಹನಾಯಿ.

“ಬದಲಿ ಮಾಡ್ಕೊಳಮ್ಮ” ಎಂದ ನಿಂಗಪ್ಪ.

“ನೋ, ಇಟ್ಸ್ ಕೂಲ್” ಎಂದಳು ಅವಳು, ಅವನ ಮುಖ ನೋಡಿ. “ಐ’ಲ್ ಕೀಪ್ ಇಟ್.”

ಹೊರಡುವಾಗ ನಿಂಗಪ್ಪ ಕೌಂಟರಿನ ಈಚೆಗೆ ಬಂದು ಬಗ್ಗಿ ಪದ್ಮರ ಕಾಲು ಮುಟ್ಟಿದ. ಲಾಂಡ್ರಿಗೆ ಬಂದಿದ್ದ ಅಮೆರಿಕನ್ ಹೆಂಗಸೊಬ್ಬಳು ಗಾಜಿನಾಚೆಯಿಂದ, ಏನೋ ಕೆಳಗೆ ಬಿದ್ದಿರಬೇಕೆಂದು ತಾನೂ ನೆಲ ನೋಡಿದಳು.

ಮಾರ್ಚ್ ಹದಿನೈದಕ್ಕೆ ಉಪೇಂದ್ರ ಇಬ್ಬರನ್ನೂ ಕ್ಯಾಂಟನ್ ಅಂಗಡಿಗೆ ಕರೆದರು. ಕೈಯಲ್ಲಿ ಕಂಪನಿಯಿಂದ ಬಂದ ದಪ್ಪ ಕಾಗದದ ಕಟ್ಟು. ಪ್ರಕಾಶ್ ಶರ್ಟಿಗೆ ಇಸ್ತ್ರಿ ಹಾಕಿಕೊಂಡು ಬಂದಿದ್ದ. ಪದ್ಮ ಎಂದಿನ ಕಂದು ಸ್ವೆಟರಿನಲ್ಲಿದ್ದರು.

“ಮಾರಿದ್ದು ನೋಡಿದ್ರೆ ಪ್ರಕಾಶ ನೂರ ಅರವತ್ಮೂರು, ಪದ್ಮಮ್ಮ ಎಂಬತ್ತನಾಲ್ಕು. ಆದ್ರೆ ಉಳಿದಿದ್ದು ನೋಡಬೇಕು. ಪ್ರಕಾಶಂದು ಎಪ್ಪತ್ನಾಲ್ಕು ಬಿದ್ದುಹೋಗಿವೆ. ಕಮಿಷನ್ ಎಲ್ಲಾ ವಾಪಸ್ ಕಿತ್ಕೊಂಡಿದಾರೆ. ಪದ್ಮಮ್ಮಂದು ಎರಡು.” ಉಪೇಂದ್ರ ತಲೆ ಕೆರೆದುಕೊಂಡರು. “ಆದರೂ ಉಳಿದಿದ್ದು ಎಂಬತ್ತೊಂಬತ್ತು, ಎಂಬತ್ತೆರಡು. ಏಳು ಜಾಸ್ತಿ ಅವನದೇ. ಮಾತು ಅಂದ್ರೆ ಮಾತು, ಪದ್ಮಮ್ಮ.”

ಪದ್ಮ ತಲೆಯಾಡಿಸಿದರು. ಆ ಕ್ಷಣದಲ್ಲಿ ಅವರಿಗೆ ಕಂಡದ್ದು ಅಡುಗೆಮನೆಯ ಕಪಾಟಿನ ಕಿತ್ತಳೆ ಬಣ್ಣದ ಐದು ಡಬ್ಬಿಗಳು.

ಪ್ರಕಾಶ್ ಕಾಗದದ ಕಟ್ಟನ್ನು ತನ್ನ ಕಡೆ ಎಳೆದುಕೊಂಡ. ಬೆರಳು ಸಾಲಿನ ಮೇಲೆ ಇಳಿಯಿತು, ನಿಂತಿತು, ಮತ್ತೆ ಇಳಿಯಿತು. “ಸರ್, ಇದು ನಿಂಗಪ್ಪಂದು. ಅವನು ಊರಿಗೆ ಹೋಗಿ ವಾರ ಆಯ್ತು. ಹೆಂಗೆ ಉಳೀತು?” ಇನ್ನೊಂದು ಸಾಲು. “ಈ ನಾಲ್ಕು ಲೈನೂ ನೋವಿ ಊರಿನವರದ್ದು, ಅವರೂ ಹೋದ್ರು.” ಅವನು ಎದ್ದು ಪದ್ಮರ ಫೈಲಿನ ಡ್ರಾಯರ್ ಎಳೆದ. ವರ್ಗಾವಣೆಯ ಫಾರ್ಮುಗಳು ಒಂದರ ಮೇಲೊಂದು ನೀಟಾಗಿ ಇದ್ದವು. ಎಲ್ಲವೂ ಟೀಚರ ದುಂಡು ಅಕ್ಷರ. ಎಣಿಸಿದ.

“ಹನ್ನೊಂದು ಸರ್. ನನ್ನ ಎಂಬತ್ತೊಂಬತ್ತರಲ್ಲಿ ಹನ್ನೊಂದು ಆಂಟಿ ಉಳಿಸಿರೋದು. ಅದು ಕಳೆದ್ರೆ ನಂದು ಎಪ್ಪತ್ತೆಂಟೇ.”

“ಸುಮ್ನೆ ಕೂತ್ಕೊಳೋ” ಎಂದರು ಪದ್ಮ. “ಗೆದ್ದಿದೀಯ.”

“ಏನ್ ಗೆದ್ದೆ ಆಂಟಿ? ನಾಲ್ಕು ನಿಮಿಷಕ್ಕೊಂದು ಸಹಿ ಹಾಕಿಸ್ಕೊಂಡೆ. ನಂಗೆ ಇಪ್ಪತ್ತಾರು ವರ್ಷ, ನಾಳೆ ಇನ್ನೆಲ್ಲಾದ್ರೂ ಹಾಕಿಸ್ತೀನಿ.” ಫಾರ್ಮುಗಳನ್ನು ಉಪೇಂದ್ರರ ಮುಂದಿಟ್ಟ. “ಇದು ನಂಗೆ ಬರಲ್ಲ.”

ಉಪೇಂದ್ರ ಹನ್ನೊಂದು ಫಾರ್ಮನ್ನೂ ಒಂದೊಂದಾಗಿ ತಿರುವಿದರು. ಒಂದರ ಹಿಂದೆ ಚೌಕಾಬಾರ ಬರೆದಿತ್ತು, ಮೂರನೆಯ ಮನೆಯಲ್ಲಿ ಒಂದು ಚುಕ್ಕೆ, ಪಕ್ಕದಲ್ಲಿ ಹೋಗುವವರ ಹೆಸರು, ಬಾಣ, ಬರುವವರ ಹೆಸರು. ಬಹಳ ಹೊತ್ತು ನೋಡಿದರು.

“ನಮ್ಮಜ್ಜಿ ಜೊತೆ ಆಡಿದ್ದೆ” ಎಂದರು. “ಮೋಸ ಮಾಡ್ತಿದ್ಳು ಮುದುಕಿ.” ಆಮೇಲೆ ಜೇಬಿನಿಂದ ಬೀಗದ ಕೈಗೊಂಚಲು ತೆಗೆದು, ಅದರಿಂದ ಒಂದನ್ನು ಬಿಡಿಸಿ, ಪದ್ಮರ ಮುಂದೆ ತಳ್ಳಿದರು. “ಇನ್ಶೂರೆನ್ಸ್ ಏಪ್ರಿಲ್ ಒಂದನೇ ತಾರೀಕಿಂದ. ನಿಮ್ಮ ಯಜಮಾನರ ಹೆಸರು, ಹುಟ್ಟಿದ ದಿನ ಬರೆದುಕೊಡಿ. ಗಿಣಿ ವಿಷಯ ಮರೆತುಬಿಡಿ.”

ಪದ್ಮ ಕೀಲಿ ತೆಗೆದುಕೊಳ್ಳಲಿಲ್ಲ. “ಶನಿವಾರ ಭಾನುವಾರ ನನಗೊಬ್ಬರು ಬೇಕು. ಪ್ರಕಾಶ ಇರ್ಲಿ. ಅವನ ಹಾಗೆ ಜನರನ್ನ ಒಳಗೆ ಕರೆಯೋಕೆ ನಂಗೆ ಬರಲ್ಲ.”

“ಓದಿ ಹೇಳಿದ ಮೇಲೇನೇ ಸಹಿ ಹಾಕಿಸ್ಬೇಕಾ ಆಂಟಿ?”

“ಪೂರ್ತಿ. ಹನ್ನೆರಡು ನಿಮಿಷ.”

“ಸತ್ತೆ” ಎಂದ ಪ್ರಕಾಶ್. ಆಮೇಲೆ ಪದ್ಮ ಕೀಲಿ ಎತ್ತಿಕೊಂಡರು.

ಮನೆಗೆ ಬಂದು ಸಾರಿಗೆ ಒಗ್ಗರಣೆ ಹಾಕುತ್ತಾ ಹೇಳಿದರು, ತಿರುಗಿ ನೋಡದೆ. ಸತ್ಯನಾರಾಯಣ ಕೇಳಿ, “ನನ್ನ ಹೆಸರು ನಿನ್ನ ಇನ್ಶೂರೆನ್ಸಲ್ಲಾ?” ಎಂದಷ್ಟೇ ಅಂದು ಹೊರಗೆ ಹೋದರು. ಗರಾಜಿನಲ್ಲಿ ಬಹಳ ಹೊತ್ತು ಏನೋ ಜೋಡಿಸುವ ಸದ್ದು ಬರುತ್ತಿತ್ತು. ಪದ್ಮ ಕೇಳಿಸಿಕೊಂಡರು, ಕರೆಯಲಿಲ್ಲ.

ಹತ್ತು ದಿನವಾಯಿತು. ಹಿಮ ಕರಗಿ ಪಾರ್ಕಿಂಗ್ ಲಾಟಿನ ಹಳದಿ ಗೆರೆಗಳು ಕಾಣತೊಡಗಿದ್ದವು. ಒಂದು ಶನಿವಾರ ಅಂಗಡಿಯಲ್ಲಿ ನಾಲ್ಕು ಜನ ಸಾಲಾಗಿ ನಿಂತಿದ್ದರು. ಪದ್ಮ ತಲೆಯೆತ್ತಿ ನೋಡಿದರೆ ನಾಲ್ಕನೆಯವರು ಸತ್ಯನಾರಾಯಣ. ಇಂಟರ್‌ವ್ಯೂಗೆ ಹಾಕಿದ್ದ ಕೋಟಿನಲ್ಲಿ, ಕೈಕಟ್ಟಿಕೊಂಡು.

“ಅಂಕಲ್, ಬನ್ನಿ ಈ ಕಡೆ” ಎಂದು ಪ್ರಕಾಶ್ ಓಡಿಬಂದ.

“ಇಲ್ಲಪ್ಪ, ಮೇಡಂ ಹತ್ರಾನೇ. ಕಾಯ್ತೀನಿ.”

ಸರದಿ ಬಂದಾಗ ಎದುರಿನ ಕುರ್ಚಿಯಲ್ಲಿ ಕೂತರು. “ಒಂದು ಫೋನ್ ಬೇಕಾಗಿತ್ತು” ಎಂದರು.

ಪದ್ಮರ ಬಾಯಿಗೆ ‘ರೀ’ ಬಂದಿತ್ತು. ತಡೆದುಕೊಂಡರು. ಎಲ್ಲರಿಗೂ ಮಾಡುವಂತೆ ಕಾಗದ ತೆಗೆದು ಓದತೊಡಗಿದರು. ಮದುವೆಯಾದ ಇಪ್ಪತ್ತೇಳು ವರ್ಷದಲ್ಲಿ ಸತ್ಯನಾರಾಯಣ ಹೆಂಡತಿ ಕೆಲಸ ಮಾಡುವುದನ್ನು ನೋಡಿದ್ದು ಅದೇ ಮೊದಲು. ಏಳನೆಯ ಸಾಲಿಗೆ ತಡೆದರು. “ಎರಡು ವರ್ಷ ಮುಗಿದು ಫೋನಿನ ದುಡ್ಡು ತೀರಿದ ಮೇಲೆ ಬಿಲ್ಲು ಕಮ್ಮಿ ಆಗಬೇಕಲ್ವಾ?”

“ಆಗಬೇಕು. ಆಗಲ್ಲ. ಅದೇ ದುಡ್ಡು ಕಟ್ತಾ ಇರ್ತೀರಿ. ಅದಕ್ಕೇ ಜನ ಮತ್ತೆ ಅಪ್‌ಗ್ರೇಡ್ ಮಾಡ್ತಾರೆ. ಹಣ್ಣಾದ ದಿನ ನನ್ನ ಹತ್ರ ಬನ್ನಿ, ಕಡಿಮೆ ಪ್ಲಾನಿಗೆ ಇಳಿಸಿಕೊಡ್ತೀನಿ.”

“ಇದನ್ನೂ ಎಲ್ಲರಿಗೂ ಹೇಳ್ತೀರಾ?”

“ಹೇಳ್ತೀನಿ.”

ಅವರು ತಲೆಯಾಡಿಸಿದರು. ಕಾರಿನ ಸೀಟಿನ ಹೊಲಿಗೆಯನ್ನು ಬೆರಳಾಡಿಸಿ ಒಪ್ಪುವಾಗ ಹಾಗೆ ಆಡಿಸುತ್ತಿದ್ದರು. ಪದ್ಮ ಚೌಕ ಬರೆದರು. ಮೊದಲ ಮನೆಗೆ ಗುಣಿಸು ಗುರುತು ಹಾಕಿದರು. ಸತ್ಯನಾರಾಯಣ ಜೇಬಿನಿಂದ ಒಂದು ಪೆನ್ನಿ ನಾಣ್ಯ ತೆಗೆದು ಅದರ ಮೇಲಿಟ್ಟರು.

ಇನ್ನುಳಿದದ್ದು ಪ್ರಶ್ನೆ. ಅರೋರಾದ ಚೀಟಿ ಇನ್ನೂ ಮನೆಯ ಫೋನಿನ ಪಕ್ಕದಲ್ಲಿತ್ತು, ಅಥವಾ ಬೆಳಿಗ್ಗೆಯವರೆಗೆ ಇತ್ತು. ಪದ್ಮ ಎಲ್ಲರನ್ನೂ ಕೇಳುವ ಹಾಗೆಯೇ ಕೇಳಿದರು.

“ಇನ್ನೆರಡು ವರ್ಷ ಇಲ್ಲೇ ಇರ್ತೀರಾ?”

ಸತ್ಯನಾರಾಯಣ ಅವರ ಸ್ವೆಟರಿಗೆ ಚುಚ್ಚಿದ್ದ ಹೊಸ ಬಿಲ್ಲೆಯನ್ನು ನೋಡಿದರು. ಹೆಸರು, ಅದರ ಕೆಳಗೆ ಮ್ಯಾನೇಜರ್ ಎಂದಿತ್ತು. ಪಕ್ಕದ ಕುರ್ಚಿಯವರಿಗೂ, ಬಾಗಿಲ ಹತ್ತಿರ ನಿಂತ ಪ್ರಕಾಶನಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದರು:

“ನಮ್ಮ ಮನೆಯವರ ಕೆಲಸ ಇಲ್ಲೇ ಇದೆ. ಇರ್ತೀವಿ.”

ಪದ್ಮ ಪೆನ್ನು ಅವರ ಕೈಗೆ ಕೊಟ್ಟು, ಸಹಿ ಎಲ್ಲಿ ಹಾಕಬೇಕೆಂದು ತೋರಿಸಿದರು.